ತಾನಾಗಿ ನಡೆಯುವ ಇನ್‌ಸ್ಟಾಲ್: ಮೊದಲು ಡಿಸ್ಕ್ ಗುರುತಿಸಿ, ಆಮೇಲೆ ಪಾರ್ಟಿಷನ್ ಬರೆಯಿರಿ

ಕೈಯಿಂದ ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ಡಿಸ್ಕ್‌ಗಳ ಪಟ್ಟಿ ಕಣ್ಣೆದುರಿಗೇ ಇರುತ್ತದೆ. ಯಾವುದನ್ನು ಅಳಿಸಬೇಕು ಅಂತ ನಾವೇ ನೋಡಿ ಆರಿಸುತ್ತೇವೆ. ಕಿಕ್‌ಸ್ಟಾರ್ಟ್ ಫೈಲ್ (ರೆಡ್ ಹ್ಯಾಟ್, ಫೆಡೋರಾ ಬಗೆಯ ಲಿನಕ್ಸ್‌ಗಳಲ್ಲಿ ಇನ್‌ಸ್ಟಾಲರ್‌ನ ಪ್ರಶ್ನೆಗಳಿಗೆ ಉತ್ತರ ಮೊದಲೇ ಬರೆದಿಟ್ಟ ಫೈಲ್) ಕೊಟ್ಟು ಇನ್‌ಸ್ಟಾಲ್ ಮಾಡಿದರೆ ಆ ಕೆಲಸವನ್ನು ಫೈಲೇ ಮಾಡಬೇಕು. ಅದರಲ್ಲಿ ಏನು ಬರೆದಿದೆಯೋ ಅದು ಆಗಿಹೋಗುತ್ತದೆ, ಯಾರೂ ಮತ್ತೆ ಕೇಳುವುದಿಲ್ಲ. ಅದಕ್ಕೇ ನಾನು ಪಾರ್ಟಿಷನ್ (ಡಿಸ್ಕ್ ಅನ್ನು ಹಂಚಿದ ಭಾಗ) ಅಳತೆಗಿಂತ ಜಾಸ್ತಿ ಸಮಯವನ್ನು ಡಿಸ್ಕ್ ಗುರುತಿಸುವುದಕ್ಕೆ ಕೊಡುತ್ತೇನೆ.

ನಾನು ಸಾಮಾನ್ಯವಾಗಿ ಸಿದ್ಧಮಾಡುವ ಸರ್ವರ್‌ನಲ್ಲಿ ಸಿಸ್ಟಮ್‌ಗಾಗಿ 240 ಜಿಬಿಯ ಒಂದು ಎಸ್‌ಎಸ್‌ಡಿ, ಡೇಟಾಕ್ಕಾಗಿ 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ಇರುತ್ತವೆ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ.

ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ನಂಬಲೇಬೇಡಿ. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಯಾವ ಡಿಸ್ಕ್ ಮೊದಲು ಸಿಕ್ಕಿತೋ ಅದಕ್ಕೆ ಎಸ್‌ಡಿಎ ಅನ್ನುವ ಹೆಸರು ಬೀಳುತ್ತದೆ. ಮುಂದಿನ ಬೂಟ್‌ನಲ್ಲಿ ಅದೇ ಹೆಸರು ಬೇರೆ ಡಿಸ್ಕ್‌ಗೆ ಹೋಗಬಹುದು. ಯುಎಸ್‌ಬಿ ಡ್ರೈವ್‌ನಿಂದ ಬೂಟ್ ಮಾಡಿದ್ದರೆ ಆ ಡ್ರೈವೇ ಎಸ್‌ಡಿಎ ಆಗಿರಬಹುದು. ಒಂದೇ ಯಂತ್ರ ಇದ್ದರೆ /ಡೆವ್/ಡಿಸ್ಕ್/ಬೈ-ಐಡಿ ಒಳಗಿನ ಹೆಸರನ್ನು ಬಳಸಿ. ಅದರಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರುತ್ತದೆ, ಬೂಟ್‌ನಿಂದ ಬೂಟ್‌ಗೆ ಬದಲಾಗುವುದಿಲ್ಲ.

ತುಂಬಾ ಯಂತ್ರಗಳಿದ್ದರೆ ಸೀರಿಯಲ್ ನಂಬರ್ ಬರೆಯುತ್ತಾ ಕೂರಲು ಆಗುವುದಿಲ್ಲ, ಅಲ್ವಾ? ಆಗ ಫೈಲ್‌ನ ಪ್ರೀ ಭಾಗದಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆಯಿರಿ. ಪಾರ್ಟಿಷನ್ ಕೆಲಸ ಶುರುವಾಗುವುದಕ್ಕೆ ಮುಂಚೆಯೇ ಅದು ಓಡುತ್ತದೆ. ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಆಜ್ಞೆಯಿಂದ ಪ್ರತಿ ಡಿಸ್ಕ್‌ನ ಹೆಸರು, ಬೈಟ್‌ಗಳಲ್ಲಿ ಅಳತೆ, ಬಗೆ, ಸಂಪರ್ಕ ಇವಿಷ್ಟನ್ನು ತೆಗೆದುಕೊಳ್ಳಿ. ನನ್ನ ಷರತ್ತು ಇಷ್ಟೇ: ಬಗೆ ಡಿಸ್ಕ್ ಆಗಿರಬೇಕು, ಸಂಪರ್ಕ ಸಾಟಾ ಅಥವಾ ಎನ್‌ವಿಎಂಇ (ಯಂತ್ರದೊಳಗೆ ಡಿಸ್ಕ್ ಜೋಡಿಸುವ ಎರಡು ಬಗೆ) ಆಗಿರಬೇಕು, ಅಳತೆ 500 ಜಿಬಿಗಿಂತ ಕಡಿಮೆ ಇರಬೇಕು. ಬಗೆ ನೋಡದಿದ್ದರೆ ಸಾಟಾಗೆ ಜೋಡಿಸಿದ ಡಿವಿಡಿ ಡ್ರೈವೂ ಪಟ್ಟಿಗೆ ಬಂದುಬಿಡುತ್ತದೆ. ಸಂಪರ್ಕವನ್ನೂ ನೋಡಲೇಬೇಕು. ಎಷ್ಟೋ ಯುಎಸ್‌ಬಿ ಡಿಸ್ಕ್‌ಗಳು ತಾವು ತೆಗೆದುಹಾಕಬಹುದಾದ ಡಿಸ್ಕ್ ಅಂತ ಸಿಸ್ಟಮ್‌ಗೆ ಹೇಳುವುದೇ ಇಲ್ಲ, ಅದೊಂದೇ ಗುರುತನ್ನು ನೆಚ್ಚಿಕೊಂಡರೆ ಅವು ಒಳಗೆ ನುಸುಳುತ್ತವೆ.

ಈ ಷರತ್ತಿಗೆ ಸರಿಯಾಗಿ ಒಂದೇ ಡಿಸ್ಕ್ ಸಿಗಬೇಕು. ಒಂದೂ ಸಿಗದಿದ್ದರೆ ಅಥವಾ ಎರಡು ಸಿಕ್ಕರೆ ಸ್ಕ್ರಿಪ್ಟ್ ಸೋಲಬೇಕು. ಪ್ರೀ ಸಾಲಿನಲ್ಲೇ ಎರರ್‌ಆನ್‌ಫೇಲ್ ಆಯ್ಕೆ ಕೊಟ್ಟಿದ್ದರೆ ಇನ್‌ಸ್ಟಾಲ್ ಅಲ್ಲಿಗೇ ನಿಲ್ಲುತ್ತದೆ. ಅನುಮಾನ ಬಂದಾಗ ನಿಲ್ಲುವ ಫೈಲೇ ನನ್ನ ಪ್ರಕಾರ ಒಳ್ಳೆಯ ಫೈಲ್. ಸರಿಯಾದ ಡಿಸ್ಕ್ ಸಿಕ್ಕರೆ ಅದರ ಹೆಸರು ಹಾಕಿ ಪಾರ್ಟಿಷನ್ ಸಾಲುಗಳನ್ನೆಲ್ಲ /ಟಿಎಂಪಿ ಒಳಗೆ ಒಂದು ಫೈಲ್‌ಗೆ ಬರೆದಿಡಿ. ಮುಖ್ಯ ಫೈಲ್‌ನಿಂದ ಇನ್‌ಕ್ಲೂಡ್ ಮೂಲಕ ಅದನ್ನು ಕರೆಯಿರಿ.

ಆ ಸಾಲುಗಳಲ್ಲಿ ಮೊದಲನೆಯದು ಇಗ್ನೋರ್‌ಡಿಸ್ಕ್, ಓನ್ಲಿ-ಯೂಸ್ ಆಯ್ಕೆಯ ಜೊತೆ. ಇದನ್ನು ಬರೆದರೆ ಇನ್‌ಸ್ಟಾಲರ್ ಉಳಿದ ಡಿಸ್ಕ್‌ಗಳ ತಂಟೆಗೇ ಹೋಗುವುದಿಲ್ಲ. ಡೇಟಾ ಡಿಸ್ಕ್‌ಗಳಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ. ಇದಿಲ್ಲದೆ ಸುಮ್ನೆ ಕ್ಲಿಯರ್‌ಪಾರ್ಟ್ ಆಲ್ ಅಂತ ಬರೆದರೆ ಎಲ್ಲ ಡಿಸ್ಕ್‌ಗಳ ಪಾರ್ಟಿಷನ್‌ಗಳೂ ಹೋಗುತ್ತವೆ. ಆಮೇಲೆ ಜೀರೋಎಂಬಿಆರ್, ಅದರ ನಂತರ ಆಲ್ ಮತ್ತು ಇನಿಟ್‌ಲೇಬಲ್ (ಹೊಸ ಪಾರ್ಟಿಷನ್ ಟೇಬಲ್ ಬರೆಯುವ) ಆಯ್ಕೆಗಳ ಜೊತೆ ಕ್ಲಿಯರ್‌ಪಾರ್ಟ್. ಜೀರೋಎಂಬಿಆರ್ ಇರದಿದ್ದರೆ, ಗುರುತು ಸಿಗದ ಪಾರ್ಟಿಷನ್ ಟೇಬಲ್ ಇರುವ ಡಿಸ್ಕ್ ಎದುರಾದಾಗ ಇನ್‌ಸ್ಟಾಲ್ ನಿಂತು ಉತ್ತರಕ್ಕೆ ಕಾಯಬಹುದು.

ಬೂಟ್‌ಗೆ ಬೇಕಾದ ಪಾರ್ಟಿಷನ್ ಯಂತ್ರದಿಂದ ಯಂತ್ರಕ್ಕೆ ಬೇರೆ. ಯಂತ್ರವನ್ನು ಶುರುಮಾಡುವ ಫರ್ಮ್‌ವೇರ್ ಹೊಸ ಬಗೆಯ ಯುಇಎಫ್‌ಐ ಆದರೆ ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಬೇಕು. ಹಳೆಯ ಬಯಾಸ್‌ನಲ್ಲಿ ಜಿಪಿಟಿ (ಹೊಸ ಬಗೆಯ ಪಾರ್ಟಿಷನ್ ಟೇಬಲ್) ಡಿಸ್ಕ್ ಇದ್ದರೆ 1 ಎಂಐಬಿಯ (1024 × 1024 ಬೈಟ್) ಬಯಾಸ್ ಬೂಟ್ ಪಾರ್ಟಿಷನ್ ಬೇಕು. ಎರಡೂ ಬಗೆಯ ಯಂತ್ರಗಳಿದ್ದರೆ ರೆಕ್‌ಪಾರ್ಟ್ ಅನ್ನುವ ಒಂದೇ ಸಾಲು ಸಾಕು. ಯಂತ್ರಕ್ಕೆ ತಕ್ಕದ್ದನ್ನು ಅದೇ ಮಾಡಿಕೊಳ್ಳುತ್ತದೆ. /ಬೂಟ್‌ಗೆ ನಾನು 1024 ಕೊಡುತ್ತೇನೆ. ಕಿಕ್‌ಸ್ಟಾರ್ಟ್‌ನಲ್ಲಿ ಅಳತೆ ಎಂಐಬಿ ಲೆಕ್ಕದಲ್ಲಿರುತ್ತದೆ, ನೆನಪಿರಲಿ. 240 ಜಿಬಿ ಅಂತ ಬರೆದಿರುವ ಡಿಸ್ಕ್ ಈ ಲೆಕ್ಕದಲ್ಲಿ ಸುಮಾರು 223 ಜಿಐಬಿ (1024 ಎಂಐಬಿಗೆ ಒಂದು ಜಿಐಬಿ) ಮಾತ್ರ.

ಉಳಿದ ಜಾಗವನ್ನೆಲ್ಲ ಗ್ರೋ ಆಯ್ಕೆಯ ಜೊತೆ ಒಂದು ಫಿಸಿಕಲ್ ವಾಲ್ಯೂಮ್‌ಗೆ ಕೊಟ್ಟು, ಅದರ ಮೇಲೆ ವಾಲ್ಯೂಮ್ ಗ್ರೂಪ್ ಮಾಡುತ್ತೇನೆ. ಇದೇ ಎಲ್‌ವಿಎಂ, ಡಿಸ್ಕ್ ಜಾಗವನ್ನು ಒಂದೆಡೆ ಸೇರಿಸಿ ಬೇಕಾದಷ್ಟು ಹಂಚಿಕೊಳ್ಳುವ ವ್ಯವಸ್ಥೆ. ಅದರೊಳಗೆ ರೂಟ್‌ಗೆ (ಸಿಸ್ಟಮ್‌ನ ಮುಖ್ಯ ಭಾಗ) 30720, /ವಾರ್‌ಗೆ 61440, ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) 8192. ಅಷ್ಟೇ. 120 ಜಿಐಬಿಗಿಂತ ಜಾಸ್ತಿ ಜಾಗ ಖಾಲಿ ಉಳಿಯುತ್ತದೆ, ಬೇಕೆಂದೇ ಉಳಿಸುತ್ತೇನೆ. ನಾನು ಇವುಗಳಲ್ಲಿ ಬಳಸುವ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಅನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡಲು ಆಗುವುದಿಲ್ಲ. ಮೊದಲ ದಿನವೇ ರೂಟ್‌ಗೆ ಪೂರ್ತಿ ಜಾಗ ಕೊಟ್ಟರೆ ನಾಳೆ /ವಾರ್ ತುಂಬಿದಾಗ ಅಲ್ಲಿಂದ ತೆಗೆದುಕೊಳ್ಳುವ ದಾರಿಯೇ ಇಲ್ಲ. ಖಾಲಿ ಇಟ್ಟಿದ್ದರೆ ಎಲ್‌ವಿಎಕ್ಸ್‌ಟೆಂಡ್ ಆಜ್ಞೆಗೆ ಆರ್ ಆಯ್ಕೆ ಕೊಟ್ಟು, ಸರ್ವರ್ ನಿಲ್ಲಿಸದೆಯೇ ಎಲ್ಲಿ ಬೇಕೋ ಅಲ್ಲಿಗೆ ಸೇರಿಸಬಹುದು. /ವಾರ್ ಅನ್ನು ಬೇರೆ ಇಡುವುದಕ್ಕೂ ಕಾರಣ ಇದೆ. ಲಾಗ್‌ಗಳು, ಕಂಟೇನರ್ ಇಮೇಜ್‌ಗಳು ಬೆಳೆಯುವುದು ಅಲ್ಲೇ. ಅವು ರೂಟ್ ಅನ್ನು ತುಂಬಿಸಿಬಿಟ್ಟರೆ ಇಡೀ ಸಿಸ್ಟಮ್ ಒದ್ದಾಡುತ್ತದೆ.

ಡೇಟಾ ಡಿಸ್ಕ್‌ಗಳನ್ನು ಈ ಫೈಲ್‌ನಲ್ಲಿ ಮುಟ್ಟಬೇಡಿ. ಇನ್‌ಸ್ಟಾಲ್ ಆದ ಮೇಲೆ ಅವುಗಳ ಯುಯುಐಡಿ (ಫೈಲ್ ಸಿಸ್ಟಮ್‌ನ ಬದಲಾಗದ ಗುರುತಿನ ಸಂಖ್ಯೆ) ನೋಡಿ ಎಫ್‌ಎಸ್‌ಟ್ಯಾಬ್‌ಗೆ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ) ಸೇರಿಸಿ. ಹೊಸ 4 ಟಿಬಿ ಡಿಸ್ಕ್ ಆದರೆ ಜಿಪಿಟಿಯನ್ನೇ ಬಳಸಿ, 512 ಬೈಟ್ ಸೆಕ್ಟರ್‌ನ ಎಂಬಿಆರ್ (ಹಳೆಯ ಬಗೆಯ ಪಾರ್ಟಿಷನ್ ಟೇಬಲ್) 2 ಟಿಐಬಿ (2048 ಜಿಐಬಿ) ದಾಟುವುದಿಲ್ಲ.

ಉಬುಂಟು ಬಳಸುವವರು ಆಟೋಇನ್‌ಸ್ಟಾಲ್‌ನಲ್ಲಿ (ಕಿಕ್‌ಸ್ಟಾರ್ಟ್‌ನಂಥದ್ದೇ ಉಬುಂಟುವಿನ ವ್ಯವಸ್ಥೆ) ಮ್ಯಾಚ್ ಅಡಿಯಲ್ಲಿ ಸೀರಿಯಲ್ ಅಥವಾ ಅಳತೆ ಕೊಟ್ಟು ಡಿಸ್ಕ್ ಆರಿಸಬಹುದು. ಅಲ್ಲಿನ ಎಲ್‌ವಿಎಂ ಲೇಔಟ್ ಸಹ ಜಾಗ ಖಾಲಿ ಬಿಡುತ್ತದೆ. 200 ಜಿಐಬಿ ಮೀರಿದ ಡಿಸ್ಕ್‌ನಲ್ಲಿ ರೂಟ್‌ಗೆ 100 ಜಿಐಬಿ ಮಾತ್ರ ಸಿಗುತ್ತದೆ. ಇದನ್ನು ಕಂಡು ಗಾಬರಿಯಾಗಬೇಡಿ, ಪೂರ್ತಿ ಬೇಕೆಂದರೆ ಸೈಜಿಂಗ್-ಪಾಲಿಸಿಯನ್ನು ಆಲ್ ಅಂತ ಬದಲಿಸಿ.

ನಿಜವಾದ ಯಂತ್ರಕ್ಕೆ ಹಾಕುವ ಮುಂಚೆ ಕಿಕ್‌ಸ್ಟಾರ್ಟ್ ಫೈಲ್ ಪರೀಕ್ಷಿಸುವ ಕೆಎಸ್‌ವ್ಯಾಲಿಡೇಟರ್ ಓಡಿಸಿ. ಅದು ಬರವಣಿಗೆಯ ತಪ್ಪು ಹಿಡಿಯುತ್ತದೆ, ತಪ್ಪು ಡಿಸ್ಕ್ ಆರಿಸಿದ್ದನ್ನು ಹಿಡಿಯುವುದಿಲ್ಲ. ಅದಕ್ಕೆ ವರ್ಚುವಲ್ ಯಂತ್ರವೇ ಬೇಕು. ಸಾಟಾ ಡಿಸ್ಕ್ ಮೂರು ಜೋಡಿಸಿ, ಒಂದು ಚಿಕ್ಕದು, ಎರಡು ದೊಡ್ಡವು. ದೊಡ್ಡವುಗಳಲ್ಲಿ ಒಂದಿಷ್ಟು ಫೈಲ್ ಹಾಕಿ ಚೆಕ್‌ಸಮ್ (ಫೈಲ್ ಬದಲಾಗಿದೆಯೇ ಎಂದು ತಿಳಿಸುವ ಸಂಖ್ಯೆ) ಬರೆದಿಟ್ಟುಕೊಳ್ಳಿ. ಇನ್‌ಸ್ಟಾಲ್ ಮುಗಿದ ಮೇಲೆ ಹೋಲಿಸಿ ನೋಡಿ. ಇನ್ನೊಮ್ಮೆ, ಡಿಸ್ಕ್ ಜೋಡಿಸಿದ ಕ್ರಮ ಬದಲಿಸಿ ಮಾಡಿ. ಕೊನೆಗೆ ಚಿಕ್ಕ ಡಿಸ್ಕ್‌ಗಳನ್ನು ಎರಡು ಇಟ್ಟು ಓಡಿಸಿ, ಆಗ ಇನ್‌ಸ್ಟಾಲ್ ನಿಲ್ಲಲೇಬೇಕು. ಯಾಕೆ ನಿಂತಿತು ಅಂತ ತಿಳಿಯಲು ಸ್ಕ್ರಿಪ್ಟ್‌ಗೆ ಲಾಗ್ ಆಯ್ಕೆ ಕೊಟ್ಟಿರಿ. ಪಾರ್ಟಿಷನ್ ಹಂತದಲ್ಲಿ ಕೆಟ್ಟರೆ /ಟಿಎಂಪಿ ಒಳಗಿನ ಸ್ಟೋರೇಜ್ ಲಾಗ್ ಓದಿ.

ನೆಟ್‌ವರ್ಕ್‌ನಿಂದ ಬೂಟ್ ಮಾಡುವವರಿಗೆ ಇನ್ನೊಂದು ವಿಷಯ. ಇನ್‌ಸ್ಟಾಲ್ ಮುಗಿದು ಯಂತ್ರ ಮತ್ತೆ ಶುರುವಾದಾಗ ಮೊದಲು ನೆಟ್‌ವರ್ಕ್ ಕಡೆಗೇ ಹೋದರೆ, ಅದೇ ಫೈಲ್ ಮತ್ತೆ ಓಡಿ ಸಿಸ್ಟಮ್ ಡಿಸ್ಕ್ ಮತ್ತೆ ಅಳಿಸುತ್ತದೆ. ಪಿಎಕ್ಸ್‌ಇ (ನೆಟ್‌ವರ್ಕ್ ಬೂಟ್) ಮೆನುವಿನ ಡೀಫಾಲ್ಟ್ ಆಯ್ಕೆ ಲೋಕಲ್ ಡಿಸ್ಕ್ ಆಗಿರಲಿ. ಇನ್‌ಸ್ಟಾಲ್ ಬೇಕಾದ ಯಂತ್ರಕ್ಕೆ ಮಾತ್ರ, ಅದರ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ) ಹಾಕಿ ಬೇರೆ ಮೆನು ಕೊಡಿ. ಇನ್‌ಸ್ಟಾಲ್ ಮುಗಿದ ಕೂಡಲೇ ಅದನ್ನು ತೆಗೆದುಬಿಡಿ.