ಧ್ವನಿಗೆ ಚಿಪ್ ಆರಿಸುವಾಗ ಲೆಕ್ಕ ಕಿವಿಯಿಂದ ಶುರುವಾಗಲಿ

ಮಾತಾಡುವ ಅಲಾರಂ, ಪುಟ್ಟ ವಾಯ್ಸ್ ರೆಕಾರ್ಡರ್, ಗಿಟಾರ್ ಪೆಡಲ್, ಮೋಟರಿನ ಸದ್ದು ಕೇಳಿ ದೋಷ ಹಿಡಿಯುವ ಸೆನ್ಸರ್. ಇವೆಲ್ಲದರ ಹೊಟ್ಟೆಯೊಳಗೆ ನಡೆಯುವುದು ಒಂದೇ ಕೆಲಸ. ಸದ್ದನ್ನು ಅಂಕಿ ಮಾಡಬೇಕು, ಇಲ್ಲವೇ ಅಂಕಿಯನ್ನು ಸದ್ದು ಮಾಡಬೇಕು. ಮೊದಲನೆಯದನ್ನು ಎಡಿಸಿ ಮಾಡುತ್ತದೆ, ಎರಡನೆಯದನ್ನು ಡ್ಯಾಕ್. ಇವೆರಡೂ ಮೈಕ್ರೋಕಂಟ್ರೋಲರ್ (ಸಾಧನವನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಒಳಗೇ ಇದ್ದರೆ ಬೋರ್ಡ್ ಚಿಕ್ಕದಾಗುತ್ತದೆ, ಬೆಸುಗೆ ಕಡಿಮೆಯಾಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ನಾನು ಮೊದಲ ರೆಕಾರ್ಡರ್ ಮಾಡಿದಾಗ ಡೇಟಾಶೀಟಿನ (ಚಿಪ್ ತಯಾರಕರು ಕೊಡುವ ವಿವರಗಳ ಕಡತದ) ಮೊದಲ ಪುಟದಲ್ಲಿ ‘12 ಬಿಟ್ ಎಡಿಸಿ’ ಎಂದು ನೋಡಿ ಚಿಪ್ ತಂದಿದ್ದೆ. ರೆಕಾರ್ಡ್ ಮಾಡಿ ಕೇಳಿದರೆ ನನ್ನ ದನಿಯ ಹಿಂದೆ ‘ಗುಂಯ್’ ಎಂಬ ಸದ್ದು. ನಡುನಡುವೆ ‘ಟಕ್’ ಎಂದು ಮಾತು ತುಂಡಾಗುತ್ತಿತ್ತು. ಚಿಪ್ ಕೆಟ್ಟದ್ದೇನಲ್ಲ, ಆ ಕೆಲಸಕ್ಕೆ ಸರಿಯಾದದ್ದಲ್ಲ ಅಷ್ಟೇ. ಮೊದಲು ಚಿಪ್ ಹಿಡಿದು ಆಮೇಲೆ ಸದ್ದಿನ ಬಗ್ಗೆ ಯೋಚಿಸಿದ್ದೆ. ಈಗ ಉಲ್ಟಾ ಹೋಗುತ್ತೇನೆ. ಆ ದಾರಿ ಹೀಗಿದೆ.

1. ಯಾವ ಸದ್ದು ಎಂದು ಬರೆದಿಡಿ

ಮನುಷ್ಯರ ಕಿವಿಗೆ ಸುಮಾರು 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್ ತನಕ ಕೇಳಿಸುತ್ತದೆ. ಸದ್ದಿನಲ್ಲಿ ನಮಗೆ ಬೇಕಾದ ಅತಿ ಎತ್ತರದ ಆವರ್ತನ ಎಷ್ಟೋ, ಅದರ ಎರಡು ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಸ್ಯಾಂಪಲ್, ಅಂದರೆ ಸದ್ದಿನ ಕ್ಷಣಕ್ಷಣದ ಅಳತೆ, ತೆಗೆಯಬೇಕು. ಹಳೆಯ ಫೋನಿನ ಮಾತಿಗೆ 8 ಕಿಲೋಹರ್ಟ್ಜ್ ಸಾಕು. ಮಾತು ಸ್ಪಷ್ಟವಾಗಿ, ‘ಸ’ ಮತ್ತು ‘ಫ’ ಬೇರೆಬೇರೆಯಾಗಿ ಕೇಳಬೇಕೆಂದರೆ 16 ಕಿಲೋಹರ್ಟ್ಜ್ ಬೇಕು. ಸಂಗೀತಕ್ಕಾದರೆ ಸಿಡಿಯ 44.1 ಅಥವಾ ವಿಡಿಯೊದವರ 48 ಕಿಲೋಹರ್ಟ್ಜ್.

ಇನ್ನು ಬಿಟ್, ಅಂದರೆ ಒಂದೊಂದು ಸ್ಯಾಂಪಲನ್ನು ಎಷ್ಟು ಸೂಕ್ಷ್ಮವಾಗಿ ಅಳೆಯುತ್ತೇವೆ ಎಂಬುದು. ಸದ್ದಿಗೂ ಅದರ ಹಿಂದಿನ ಗದ್ದಲಕ್ಕೂ ನಡುವಿನ ಅಂತರ ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್ ಸಿಗುತ್ತದೆ. ಲೆಕ್ಕದಲ್ಲಿ 12 ಬಿಟ್ಟಿಗೆ 74 ಡೆಸಿಬೆಲ್, 16 ಬಿಟ್ಟಿಗೆ 98. ಮೈಕ್ ಹತ್ತಿರ ಹಿಡಿದು ಆಡುವ ಮಾತಿಗೆ ನಿಜವಾದ 10 ಬಿಟ್ ಸಿಕ್ಕರೆ ಸಾಕು. ಸಂಗೀತಕ್ಕೆ ಸಾಲದು. ಬರೀ ‘ಬೀಪ್’ ಆದರೆ 8 ಬಿಟ್ಟೇ ಜಾಸ್ತಿ.

ಈ ಎರಡು ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಮುಂದಿನದ್ದೆಲ್ಲ ಇವುಗಳ ಮೇಲೆ ನಿಲ್ಲುತ್ತದೆ.

2. ಡೇಟಾಶೀಟಿನ ಮೊದಲ ಪುಟ ಬಿಟ್ಟು ಒಳಗೆ ಹೋಗಿ

‘ನಿಜವಾದ’ ಬಿಟ್ ಎಂದೆ, ಅಲ್ವಾ? ಚಿಪ್ ಕೊಡುವ ಬಿಟ್‌ಗಳಲ್ಲಿ ಕೆಳಗಿನ ಕೆಲವು ಸುಮ್ನೆ ಗದ್ದಲದಲ್ಲಿ ಕುಣಿಯುತ್ತಿರುತ್ತವೆ. ಅವನ್ನು ಕಳೆದು ಉಳಿದದ್ದಕ್ಕೆ ‘ಎಫೆಕ್ಟಿವ್ ನಂಬರ್ ಆಫ್ ಬಿಟ್ಸ್’, ಚಿಕ್ಕದಾಗಿ ಇನಾಬ್ ಎನ್ನುತ್ತಾರೆ. ಇದು ಮೊದಲ ಪುಟದಲ್ಲಿ ಇರುವುದು ಅಪರೂಪ. ಹಿಂದೆ, ಎಲೆಕ್ಟ್ರಿಕಲ್ ಗುಣಗಳ ಕೋಷ್ಟಕದಲ್ಲಿ ಕೂತಿರುತ್ತದೆ. ಕೆಲವರು ಇನಾಬ್ ಬದಲು ಸಿನಾಡ್ (ಸದ್ದಿಗೂ ಗದ್ದಲ, ವಿಕೃತಿಗೂ ಇರುವ ಅನುಪಾತ) ಎಂದು ಡೆಸಿಬೆಲ್‌ನಲ್ಲಿ ಕೊಡುತ್ತಾರೆ. ಆಗ ಅದರಲ್ಲಿ 1.76 ಕಳೆದು 6.02ರಿಂದ ಭಾಗಿಸಿದರೆ ಇನಾಬ್ ಸಿಗುತ್ತದೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ರಾಸ್ಪ್‌ಬೆರಿ ಪೈ ಪಿಕೊದಲ್ಲಿರುವ ಆರ್‌ಪಿ2040 ಚಿಪ್ಪಿನ ಎಡಿಸಿ 12 ಬಿಟ್, ಸೆಕೆಂಡಿಗೆ 5 ಲಕ್ಷ ಸ್ಯಾಂಪಲ್. ಆದರೆ ಅದರ ಡೇಟಾಶೀಟೇ ಹೇಳುವ ಇನಾಬ್ 8.7. ಅಂದರೆ 74 ಡೆಸಿಬೆಲ್ ಎಂದುಕೊಂಡು ಹೋದವರಿಗೆ ಕೈಗೆ ಸಿಗುವುದು 54. ಚಪ್ಪಾಳೆ ಗುರುತಿಸಲು ಇದು ಧಾರಾಳ. ಹಾಡು ರೆಕಾರ್ಡ್ ಮಾಡಲು ಆಗುವುದಿಲ್ಲ.

ಬಿಟ್ ಮತ್ತು ವೇಗವನ್ನು ಒಟ್ಟಿಗೇ ಓದಬೇಕು. ಪಿಸಾಕ್ 5ಎಲ್‌ಪಿ ಚಿಪ್ಪಿನಲ್ಲಿ 20 ಬಿಟ್ ತನಕ ಹೋಗುವ ಡೆಲ್ಟಾ ಸಿಗ್ಮಾ ಎಂಬ ಬಗೆಯ ಎಡಿಸಿ ಇದೆ. ಆದರೆ 20 ಬಿಟ್ ಸಿಗುವುದು ಸೆಕೆಂಡಿಗೆ ನೂರಾರು ಸ್ಯಾಂಪಲ್‌ನ ನಿಧಾನ ಗತಿಯಲ್ಲಿ, ತಕ್ಕಡಿಯಂಥ ಕೆಲಸಕ್ಕೆ. ಧ್ವನಿಗೆ ಬೇಕಾದ 48 ಕಿಲೋಹರ್ಟ್ಜ್‌ನಲ್ಲಿ ಅದು 16 ಬಿಟ್ ಎಡಿಸಿ. ಅದೂ ಒಳ್ಳೆಯದೇ. ಆದರೆ 20 ನೋಡಿ ಕೊಂಡವರಿಗೆ ನಿರಾಸೆ ಖಂಡಿತ.

ಇಎಸ್‌ಪಿ32 ಇಷ್ಟಪಡುವವರಿಗೆ ಒಂದು ಮಾತು. ಮೂಲ ಇಎಸ್‌ಪಿ32ರಲ್ಲಿ ಎರಡು ಎಡಿಸಿ ಇವೆ. ವೈಫೈ ಓಡುವಾಗ ಎರಡನೆಯದನ್ನು ನಂಬುವಂತಿಲ್ಲ, ಅದನ್ನು ವೈಫೈ ಡ್ರೈವರ್ ಬಳಸಿಕೊಳ್ಳುತ್ತದೆ. ಮೈಕನ್ನು ಯಾವ ಪಿನ್ನಿಗೆ ಹಾಕಬೇಕು ಎಂಬುದು ಆಗಲೇ ತೀರ್ಮಾನವಾಗಿಬಿಟ್ಟಿರುತ್ತದೆ.

3. ಡ್ಯಾಕ್ ಇದೆಯಾ, ಅದೇ ಮಾಡೆಲ್‌ನಲ್ಲಿ ಇದೆಯಾ?

ಎಡಿಸಿ ಬಹುತೇಕ ಎಲ್ಲದರಲ್ಲೂ ಇರುತ್ತದೆ, ಡ್ಯಾಕ್ ಹಾಗಲ್ಲ. ಇಲ್ಲಿ ಎಡವುವವರೇ ಜಾಸ್ತಿ. ಒಂದೇ ಕುಟುಂಬದ ಚಿಪ್‌ಗಳಲ್ಲಿ ಒಂದಕ್ಕೆ ಇರುತ್ತದೆ, ಪಕ್ಕದ್ದಕ್ಕೆ ಇರುವುದಿಲ್ಲ. ಎಸ್‌ಟಿಎಂ32ಎಫ್407ರಲ್ಲಿ 12 ಬಿಟ್ಟಿನ ಎರಡು ಡ್ಯಾಕ್ ಇವೆ, ಎಫ್411ರಲ್ಲಿ ಒಂದೂ ಇಲ್ಲ. ಮೂಲ ಇಎಸ್‌ಪಿ32ರಲ್ಲಿ 8 ಬಿಟ್ಟಿನ ಎರಡು ಇವೆ, ಅದರ ತಮ್ಮಂದಿರಾದ ಎಸ್3 ಮತ್ತು ಸಿ3ಯಲ್ಲಿ ಇಲ್ಲ. ಎಸ್‌ಎಎಂಡಿ21ರಲ್ಲಿ 10 ಬಿಟ್ಟಿನದ್ದು ಒಂದು, ಎಸ್‌ಎಎಂಡಿ51ರಲ್ಲಿ 12 ಬಿಟ್ಟಿನವು ಎರಡು. ಆರ್‌ಪಿ2040ರಲ್ಲಿ ಇಲ್ಲ, ಆರ್ಡುಯಿನೊ ಉನೊದ ಎಟಿಮೆಗಾ328ಪಿಯಲ್ಲೂ ಇಲ್ಲ. ಧ್ವನಿಗೆಂದೇ 16 ಬಿಟ್ಟಿನ ಎರಡು ಚಾನೆಲ್ ಡ್ಯಾಕ್ ಒಳಗಿಟ್ಟ ಚಿಪ್‌ಗಳೂ ಬಂದಿವೆ, ಡಿಎಸ್‌ಪಿಕ್33ಎಫ್‌ಜೆ128ಜಿಪಿ802 ಅಂಥದ್ದೊಂದು. ಆದ್ದರಿಂದ ಪೂರ್ತಿ ಪಾರ್ಟ್ ನಂಬರ್ ಇಟ್ಟುಕೊಂಡೇ ಹುಡುಕಿ, ಕುಟುಂಬದ ಹೆಸರು ನಂಬಬೇಡಿ.

ಡ್ಯಾಕ್ ಇಲ್ಲದಿದ್ದರೂ ಪಿಡಬ್ಲ್ಯುಎಂ ಇದೆ, ಅಂದರೆ ಪಿನ್ನನ್ನು ಬೇಗಬೇಗ ಆನ್ ಆಫ್ ಮಾಡಿ, ಆನ್ ಇರುವ ಹೊತ್ತನ್ನು ಬದಲಿಸಿ ಸದ್ದು ಹುಟ್ಟಿಸುವುದು. 72 ಮೆಗಾಹರ್ಟ್ಜ್ ಗಡಿಯಾರದಲ್ಲಿ 10 ಬಿಟ್ ಪಿಡಬ್ಲ್ಯುಎಂ ಮಾಡಿದರೆ ಅದು 70 ಕಿಲೋಹರ್ಟ್ಜ್‌ನಲ್ಲಿ ಬಡಿಯುತ್ತದೆ. ಒಂದು ಫಿಲ್ಟರ್ ಹಾಕಿದರೆ ‘ಬಾಗಿಲು ತೆರೆದಿದೆ’ ಎಂದು ಹೇಳಿಸಲು ಚೆನ್ನಾಗಿಯೇ ಆಗುತ್ತದೆ.

ಡ್ಯಾಕ್ ಪಿನ್ನಿಗೆ ನೇರವಾಗಿ ಸ್ಪೀಕರ್ ಕಟ್ಟಬೇಡಿ. ಎಸ್‌ಟಿಎಂ32ರ ಡ್ಯಾಕ್ ಬಫರ್ (ಅದರ ಹೊರಹಾದಿಯ ಪುಟ್ಟ ಆಂಪ್ಲಿಫೈಯರ್) ಬಯಸುವ ಲೋಡ್ ಕನಿಷ್ಠ 5 ಕಿಲೋಓಮ್. ಸ್ಪೀಕರ್ 8 ಓಮ್. ನಡುವೆ ಆಂಪ್ಲಿಫೈಯರ್ ಬೇಕೇ ಬೇಕು.

4. ಸ್ಯಾಂಪಲ್ ಯಾರು ತೆಗೆಯುತ್ತಾರೆ?

ಪ್ರೋಗ್ರಾಂನ ಲೂಪಿನಲ್ಲಿ ಕೂತು ಸ್ಯಾಂಪಲ್ ತೆಗೆದರೆ, ನಡುವೆ ಬರುವ ಪ್ರತಿ ಇಂಟರಪ್ಟ್ (ಪ್ರೊಸೆಸರನ್ನು ಬೇರೆ ಕೆಲಸಕ್ಕೆ ಕರೆಯುವ ಸೂಚನೆ) ಅದನ್ನು ತಡಮಾಡುತ್ತದೆ. ಈ ಅಲುಗಾಟ ಬರೀ 1 ಮೈಕ್ರೋಸೆಕೆಂಡ್ ಎಂದುಕೊಳ್ಳಿ. 1 ಕಿಲೋಹರ್ಟ್ಜ್ ಸ್ವರಕ್ಕೆ ಅಷ್ಟರಿಂದಲೇ ಗುಣಮಟ್ಟ 44 ಡೆಸಿಬೆಲ್‌ಗೆ ಇಳಿಯುತ್ತದೆ. ಎಡಿಸಿ ಎಷ್ಟು ಬಿಟ್ ಇದ್ದರೂ ಅಷ್ಟೇ. ಹಾಗಾಗಿ ನೋಡಬೇಕಾದದ್ದು ಇದು: ಟೈಮರ್ ನೇರವಾಗಿ ಎಡಿಸಿಯನ್ನು ಎಬ್ಬಿಸಬೇಕು, ಡಿಎಂಎ ಎಂಬ ಸಾಗಣೆಯ ಭಾಗ ಅಂಕಿಯನ್ನು ಎತ್ತಿ ಮೆಮೊರಿಗೆ ಹಾಕಬೇಕು, ಪ್ರೊಸೆಸರ್ ಕೈಹಾಕಬಾರದು. ಡಿಎಂಎ ಬಫರ್ (ಸ್ಯಾಂಪಲ್‌ಗಳು ಸದ್ಯಕ್ಕೆ ಕೂರುವ ಮೆಮೊರಿಯ ಜಾಗ) ಅರ್ಧ ತುಂಬಿದಾಗ ಒಂದು ಇಂಟರಪ್ಟ್, ಪೂರ್ತಿ ತುಂಬಿದಾಗ ಇನ್ನೊಂದು ಕೊಡುವಂತಿರಲಿ. ಒಂದರ್ಧ ತುಂಬುವಾಗ ಇನ್ನೊಂದರ್ಧದ ಮೇಲೆ ನೀವು ಕೆಲಸ ಮಾಡಬಹುದು.

ಸಂಗೀತವಾದರೆ ಚಿಪ್ಪಿನ ಒಳಗಿನ ಆರ್‌ಸಿ (ರೆಸಿಸ್ಟರ್, ಕೆಪಾಸಿಟರ್ ಜೋಡಿಯ) ಗಡಿಯಾರ ಬೇಡ, ಕ್ರಿಸ್ಟಲ್ ಹಾಕಿ. 1 ಶೇಕಡಾ ತಪ್ಪಿದರೂ ಶ್ರುತಿ ಅರ್ಧಸ್ವರದ ಆರನೇ ಒಂದು ಪಾಲು ಜಾರುತ್ತದೆ. ತಂಬೂರಿ ಜೊತೆ ಕೂತವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

5. ರ‍್ಯಾಮ್ ಲೆಕ್ಕ

ನನ್ನ ರೆಕಾರ್ಡರಿನ ‘ಟಕ್’ ಸಿಕ್ಕಿದ್ದು ಇಲ್ಲಿ. 16 ಕಿಲೋಹರ್ಟ್ಜ್, 16 ಬಿಟ್, ಒಂದು ಚಾನೆಲ್ ಎಂದರೆ ಸೆಕೆಂಡಿಗೆ 32,000 ಬೈಟ್. ಎಸ್‌ಡಿ ಕಾರ್ಡು ಒಮ್ಮೊಮ್ಮೆ ಬರೆಯುವಾಗ ‘ತಡಿ’ ಎನ್ನುತ್ತದೆ. ಎಸ್‌ಡಿಎಚ್‌ಸಿ ಕಾರ್ಡಿಗೆ ನಿಯಮದಲ್ಲೇ 250 ಮಿಲಿಸೆಕೆಂಡ್ ತನಕ ಅವಕಾಶ ಇದೆ. ಅಷ್ಟು ಹೊತ್ತಿನಲ್ಲಿ ಮೈಕಿನಿಂದ 8,000 ಬೈಟ್ ಬಂದಿರುತ್ತದೆ. ಅದನ್ನು ಇಡಲು ಜಾಗ ಇಲ್ಲದಿದ್ದರೆ ಮಾತು ತುಂಡಾಗುತ್ತದೆ. ಎಟಿಮೆಗಾ328ಪಿಯ ಒಟ್ಟು ರ‍್ಯಾಮ್ 2 ಕಿಲೋಬೈಟ್, ಅಲ್ಲಿ ಇದು ಆಗುವ ಮಾತಲ್ಲ. ನಾನು 16 ಕಿಲೋಬೈಟ್ ಬಫರ್ ಇಡುವಷ್ಟು ರ‍್ಯಾಮ್ ಇರುವ ಚಿಪ್ಪಿಗೆ ಬದಲಾಯಿಸಿದ ದಿನ ‘ಟಕ್’ ನಿಂತಿತು.

ಗಿಟಾರ್ ಪೆಡಲ್‌ನವರ ಕಷ್ಟ ಇದರ ಉಲ್ಟಾ. ಬಫರ್ ದೊಡ್ಡದಾದರೆ ತಂತಿ ಮೀಟಿದ ಮೇಲೆ ಸದ್ದು ತಡವಾಗಿ ಬರುತ್ತದೆ. 48 ಕಿಲೋಹರ್ಟ್ಜ್‌ನಲ್ಲಿ 256 ಸ್ಯಾಂಪಲ್ ಎಂದರೆ 5.3 ಮಿಲಿಸೆಕೆಂಡ್. ಒಳಗೆ ಬರಲು ಒಂದು ಸಲ, ಹೊರಗೆ ಹೋಗಲು ಒಂದು ಸಲ ಅಷ್ಟು ತಡ. ಅವರು 64 ಅಥವಾ 32ಕ್ಕೆ ಇಳಿಯಬೇಕು.

ಫಿಲ್ಟರ್, ಎಫ್‌ಎಫ್‌ಟಿ (ಸದ್ದನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಇದ್ದರೆ ಕಾರ್ಟೆಕ್ಸ್ ಎಂ4 ಪ್ರೊಸೆಸರ್ ಅಥವಾ ಅದಕ್ಕಿಂತ ಮೇಲಿನದ್ದು ತೆಗೆದುಕೊಳ್ಳಿ.

6. ಮೈಕಿನಿಂದ ಪಿನ್ನಿನ ತನಕ

ಎಲೆಕ್ಟ್ರೆಟ್ ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. 3.3 ವೋಲ್ಟಿನ 12 ಬಿಟ್ ಎಡಿಸಿಯ ಒಂದು ಮೆಟ್ಟಿಲೇ 0.8 ಮಿಲಿವೋಲ್ಟ್. ಅಂದರೆ ನಿಮ್ಮ ಇಡೀ ಮಾತು ಕೆಲವೇ ಮೆಟ್ಟಿಲಿನಲ್ಲಿ ಮುಗಿಯುತ್ತದೆ. ಹಿಗ್ಗಿಸಲೇಬೇಕು. ಎಸ್‌ಟಿಎಂ32ಜಿ4 ಸಾಲಿನ ಚಿಪ್‌ಗಳಲ್ಲಿ ಆಪ್‌ಆಂಪ್ (ಹಿಗ್ಗಿಸುವ ಸರ್ಕಿಟ್) ಒಳಗೇ ಇದೆ, 64 ಪಟ್ಟು ತನಕ ಹಿಗ್ಗಿಸುತ್ತದೆ. ‘ಒಳಗೇ ಎಲ್ಲ ಇರಲಿ’ ಎನ್ನುವವರಿಗೆ ನಾನು ಮೊದಲು ತೋರಿಸುವುದು ಈ ಸಾಲನ್ನೇ. ಡ್ಯಾಕ್ ಕೂಡ ಅದರಲ್ಲಿದೆ.

ಆಮೇಲೆ ಫಿಲ್ಟರ್, ಬೇಡದ ಎತ್ತರದ ಆವರ್ತನಗಳನ್ನು ತಡೆಯಲು. 16 ಕಿಲೋಹರ್ಟ್ಜ್‌ನಲ್ಲಿ ಸ್ಯಾಂಪಲ್ ಮಾಡುವಾಗ 10 ಕಿಲೋಹರ್ಟ್ಜ್‌ನ ಒಂದು ಸಿಳ್ಳೆ ಬಂದರೆ ಅದು ರೆಕಾರ್ಡಿನಲ್ಲಿ 6 ಕಿಲೋಹರ್ಟ್ಜ್ ಸಿಳ್ಳೆಯಾಗಿ ಕೂರುತ್ತದೆ. ಒಮ್ಮೆ ಕೂತರೆ ಯಾವ ಸಾಫ್ಟ್‌ವೇರೂ ಅದನ್ನು ಬೇರ್ಪಡಿಸಲಾರದು. ಎಡಿಸಿ ವೇಗದ್ದಾಗಿದ್ದರೆ ಒಂದು ಒಳ್ಳೆಯ ಉಪಾಯ ಇದೆ. 256 ಕಿಲೋಹರ್ಟ್ಜ್‌ನಲ್ಲಿ ಸ್ಯಾಂಪಲ್ ತೆಗೆದು, ಡಿಜಿಟಲ್ ಲೋಪಾಸ್ ಫಿಲ್ಟರ್ ದಾಟಿಸಿ, 16ಕ್ಕೆ ಒಂದನ್ನು ಇಟ್ಟುಕೊಳ್ಳಿ. ಆಗ ಹೊರಗೆ 1 ಕಿಲೋಓಮ್, 22 ನ್ಯಾನೋಫ್ಯಾರಡ್‌ನ ಸಾದಾ ಆರ್‌ಸಿ ಫಿಲ್ಟರ್ ಸಾಕಾಗುತ್ತದೆ. ಗದ್ದಲ ಒಂದೇ ಸಮ ಹರಡಿದ್ದರೆ ಸುಮಾರು ಎರಡು ಬಿಟ್ ಲಾಭವೂ ಇದೆ. ಬರೀ ಸರಾಸರಿ ತೆಗೆದು ಕೈತೊಳೆದುಕೊಳ್ಳಬೇಡಿ. ಆ 10 ಕಿಲೋಹರ್ಟ್ಜ್ ಸಿಳ್ಳೆಯನ್ನು ಸರಾಸರಿ ಅರ್ಧದಷ್ಟು ಮಾತ್ರ ತಗ್ಗಿಸುತ್ತದೆ.

ಪ್ಯಾಕೇಜನ್ನೂ ನೋಡಿ. 64 ಪಿನ್ನಿನ ಎಸ್‌ಟಿಎಂ32ಎಫ್405ರಲ್ಲಿ ರೆಫರೆನ್ಸ್ ವೋಲ್ಟೇಜ್ (ಎಡಿಸಿ ಹೋಲಿಸಿ ಅಳೆಯಲು ಬಳಸುವ ವೋಲ್ಟೇಜ್) ಒಳಗೇ ಅನಲಾಗ್ ಪವರ್ ಜೊತೆ ಸೇರಿಹೋಗಿದೆ. 100 ಪಿನ್ನಿನದ್ದರಲ್ಲಿ ಬೇರೆ ಪಿನ್ ಇದೆ, ಅಲ್ಲಿಗೆ ಶುದ್ಧವಾದ ವೋಲ್ಟೇಜ್ ಕೊಡಬಹುದು. ನನ್ನ ‘ಗುಂಯ್’ ಬರುತ್ತಿದ್ದದ್ದು ಇದೇ ದಾರಿಯಲ್ಲಿ. ಕಾರ್ಡು ಎಳೆಯುತ್ತಿದ್ದ ಕರೆಂಟಿಗೆ ರೆಫರೆನ್ಸೇ ಅಲುಗುತ್ತಿತ್ತು.

7. ಒಳಗಿನದ್ದು ಬೇಡ ಎನ್ನುವ ಘಟ್ಟ

ನಿಮ್ಮ ಕಾಗದದಲ್ಲಿ 16 ಬಿಟ್ಟಿನ ಸಂಗೀತ ಎಂದಿದ್ದರೆ ಸಾಮಾನ್ಯ ಮೈಕ್ರೋಕಂಟ್ರೋಲರಿನ ಎಡಿಸಿ, ಡ್ಯಾಕ್ ಮುಟ್ಟುವುದಿಲ್ಲ. ಒಂದೇ ಸಿಲಿಕಾನ್ ಮೇಲೆ ಪ್ರೊಸೆಸರ್ ಲಕ್ಷಾಂತರ ಸ್ವಿಚ್ ಬಡಿಯುತ್ತಿರುವಾಗ ಪಕ್ಕದಲ್ಲಿ ಮೌನ ಸಿಗುವುದು ಕಷ್ಟ. ಆಗ ಐ2ಎಸ್ (ಚಿಪ್‌ಗಳ ನಡುವೆ ಡಿಜಿಟಲ್ ಧ್ವನಿ ಸಾಗಿಸುವ ಪದ್ಧತಿ) ಇರುವ ಚಿಪ್ ಹುಡುಕಿ. ಪಿಸಿಎಂ5102ಎ ಥರದ ಡ್ಯಾಕ್, ಐಎನ್‌ಎಂಪಿ441 ಥರದ ಡಿಜಿಟಲ್ ಮೈಕ್ ಅದಕ್ಕೆ ನೇರವಾಗಿ ಸೇರುತ್ತವೆ. ಮ್ಯಾಕ್ಸ್98357ಎಯಲ್ಲಂತೂ ಡ್ಯಾಕ್, ಆಂಪ್ಲಿಫೈಯರ್ ಎರಡೂ ಒಂದರಲ್ಲೇ ಇವೆ. ಆರ್‌ಪಿ2040ಕ್ಕೆ ಐ2ಎಸ್ ಬ್ಲಾಕ್ ಇಲ್ಲ, ಆದರೆ ಪಿಐಒ (ಪ್ರೋಗ್ರಾಂ ಮಾಡಬಹುದಾದ ಪಿನ್ ಭಾಗ) ಬಳಸಿ ಅದನ್ನು ಮಾಡಿಕೊಳ್ಳಬಹುದು. ಒಂದು ಚಿಪ್ ಜಾಸ್ತಿ ಆಯಿತೆಂದು ಬೇಜಾರು ಬೇಡ. ಮಾತಿನ ಸಾಧನಕ್ಕೆ ಒಳಗಿನದ್ದು, ಸಂಗೀತಕ್ಕೆ ಹೊರಗಿನದ್ದು ಎಂದು ನಾನು ಗೆರೆ ಎಳೆದುಕೊಂಡಿದ್ದೇನೆ.

8. ಕೊನೆಯದಾಗಿ ಮೌನವನ್ನು ಅಳೆಯಿರಿ

ಪಿಸಿಬಿ ಮಾಡಿಸುವ ಮೊದಲು ಆ ಚಿಪ್ಪಿನ ಡೆವಲಪ್‌ಮೆಂಟ್ ಬೋರ್ಡ್ ಒಂದನ್ನು ತನ್ನಿ. ಎರಡು ಸಮಾನ ರೆಸಿಸ್ಟರ್ ಇಟ್ಟು ಎಡಿಸಿ ಪಿನ್ನನ್ನು ಅರ್ಧ ವೋಲ್ಟೇಜಿನಲ್ಲಿ ನಿಲ್ಲಿಸಿ, ಪಿನ್ನಿಗೂ ಗ್ರೌಂಡಿಗೂ ನಡುವೆ ಒಂದು ಕೆಪಾಸಿಟರ್ ಹಾಕಿ. ಮೈಕ್ ಬೇಡ. ಒಂದು ಸೆಕೆಂಡಿನ ಸ್ಯಾಂಪಲ್ ತೆಗೆದು ಅವುಗಳ ಸ್ಟ್ಯಾಂಡರ್ಡ್ ಡೀವಿಯೇಷನ್ ಲೆಕ್ಕ ಹಾಕಿ, ಅದೇ ಗದ್ದಲ. 12 ಬಿಟ್ಟಿನಲ್ಲಿ ಪೂರ್ಣ ಪ್ರಮಾಣದ ಸೈನ್ ಅಲೆಯ ಆರ್‌ಎಂಎಸ್ ಬೆಲೆ 1448. ಗದ್ದಲ 1 ಬಂದರೆ 63 ಡೆಸಿಬೆಲ್, 2 ಬಂದರೆ 57. ಇದನ್ನು ಕಾಗದದಲ್ಲಿ ಬರೆದಿಟ್ಟ ಅಂಕಿಯ ಪಕ್ಕ ಇಡಿ. ಈಗ ವೈಫೈ ಆನ್ ಮಾಡಿ, ಕಾರ್ಡಿಗೆ ಬರೆಯಲು ಹಚ್ಚಿ, ಡಿಸ್‌ಪ್ಲೇ ಬೆಳಗಿಸಿ, ಇದೇ ಲೆಕ್ಕ ಮತ್ತೆ ಮಾಡಿ. ಎರಡನೆಯ ಸಲ ಬಂದ ಅಂಕಿಯನ್ನು ನೋಡಿ ಚಿಪ್ ಆರ್ಡರ್ ಮಾಡಿ.