ಹೋಮ್‌ವರ್ಕ್ ಕೇಳುವವರಿಲ್ಲದ ಕಾಲೇಜಿನಲ್ಲಿ ಓದುವುದು ಹೇಗೆ?

ಗದಗದಲ್ಲಿ ಹತ್ತನೇ ತರಗತಿಯಲ್ಲಿದ್ದಾಗ ದಿನಾ ಹತ್ತು ಲೆಕ್ಕ ಮಾಡಬೇಕಿತ್ತು. ಮರುದಿನ ಟೀಚರ್ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಸೇರಿದ ಮೇಲೆ ಮೂರು ವಾರ ಯಾರೂ ಏನೂ ಕೇಳಲಿಲ್ಲ. ಕೆಲಸವೇ ಇಲ್ಲ ಅಂದುಕೊಂಡೆ. ಆಮೇಲೆ ಇಂಟರ್ನಲ್ಸ್ (ಕಾಲೇಜೇ ನಡೆಸುವ ಆಂತರಿಕ ಪರೀಕ್ಷೆ), ಅಸೈನ್‌ಮೆಂಟ್, ಲ್ಯಾಬ್ ರೆಕಾರ್ಡ್ ಎಲ್ಲ ಒಂದೇ ವಾರಕ್ಕೆ ಬಂದವು. ಗಣಿತದಲ್ಲಿ 30ಕ್ಕೆ 9 ಬಂತು. ಅವತ್ತು ರಾತ್ರಿ ಊಟ ಸೇರಲಿಲ್ಲ.

ನೀವು ಹಾಗೆ ಸುಮ್ನೆ ಕೂರಬೇಡಿ. ಸೆಮಿಸ್ಟರ್ ಶುರುವಾದ ದಿನವೇ ಸಿಲಬಸ್ ಪ್ರಿಂಟ್ ತೆಗೆಸಿ, ಗೋಡೆಗೆ ಅಂಟಿಸಿ. ವಿಟಿಯುನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಾಮಾನ್ಯವಾಗಿ ಒಂದು ಥಿಯರಿ ವಿಷಯಕ್ಕೆ 5 ಮಾಡ್ಯೂಲ್, ಅಂದರೆ ಸಿಲಬಸ್‌ನ ಭಾಗಗಳು, ಇರುತ್ತವೆ. ಪರೀಕ್ಷೆಯಲ್ಲಿ ಪ್ರತಿ ಮಾಡ್ಯೂಲ್‌ನ ಎರಡು ಪ್ರಶ್ನೆಗಳಲ್ಲಿ ಒಂದನ್ನು ಬರೆಯಬೇಕು. ಒಂದು ಮಾಡ್ಯೂಲ್ ಪೂರ್ತಿ ಬಿಟ್ಟರೆ 100ರಲ್ಲಿ 20 ಅಂಕ ಹೋಯಿತು. ಹೈಸ್ಕೂಲಿನಲ್ಲಿ ಒಂದು ಪಾಠ ಬಿಟ್ಟರೆ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲ, ಅಲ್ವಾ? ಅದಕ್ಕೇ ಎರಡು ಮೂರು ವಾರಕ್ಕೆ ಒಂದು ಮಾಡ್ಯೂಲ್ ಅಂತ ಗೆರೆ ಹಾಕಿಕೊಳ್ಳಿ.

ದಿನದ ಹೋಮ್‌ವರ್ಕನ್ನು ನಿಮಗೆ ನೀವೇ ಕೊಟ್ಟುಕೊಳ್ಳಬೇಕು. ನಾನು ಸಂಜೆ ರೈಲಿನಲ್ಲಿ ಊರಿಗೆ ಬರುವಾಗ, ಅಣ್ಣಿಗೇರಿ ದಾಟುವುದರೊಳಗೆ ಅವತ್ತಿನ ನೋಟ್ಸ್ ಒಮ್ಮೆ ಓದುತ್ತೇನೆ. ಸೀಟು ಸಿಗದಿದ್ದರೆ ನಿಂತೇ ಓದುತ್ತೇನೆ. ಲೆಕ್ಕ ಮಾತ್ರ ಮನೆಯಲ್ಲಿ, ಪೆನ್ನು ಹಿಡಿದು. ಲ್ಯಾಬ್ ರೆಕಾರ್ಡ್ ಅವತ್ತೇ ಬರೆದುಬಿಡಿ, ಪ್ರಯೋಗದಲ್ಲಿ ಬಂದ ಅಳತೆ ಇನ್ನೂ ನೆನಪಿರುತ್ತದೆ.