ದೇವಿಮನೆ ಘಟ್ಟ ಇಳಿಯುವ ಮೊದಲು ಅಂಗಳದಲ್ಲಿ ಆಗಬೇಕಾದ ಕೆಲಸ

ಕುದುರೆಯನ್ನು ಲಾರಿ ಹತ್ತಿಸೋದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಹಗ್ಗ ಸಡಿಲ ಬಿಟ್ಟರೆ ನಿಮ್ಮ ಕುದುರೆ ಪಕ್ಕದಲ್ಲಿ ಸುಮ್ನೆ ನಿಲ್ಲುತ್ತಾ? ಒಂದೇ ಒಂದು ಹೆಜ್ಜೆ ಹಿಂದೆ ಹೋಗು ಅಂದರೆ ಹೋಗುತ್ತಾ? ಎರಡಕ್ಕೂ ಹೌದು ಅಂದರೆ ಲಾರಿಯ ಮಾತು ಆಡಬಹುದು. ಇಲ್ಲ ಅಂದರೆ ಇನ್ನೂ ಅಂಗಳದ ಕೆಲಸ ಬಾಕಿ ಇದೆ ಅಂತ ಅರ್ಥ.

ನಮ್ಮದು ಶಿರಸಿಯಿಂದ ಸ್ವಲ್ಪ ಒಳಗಿನ ಊರು. ಅಡಿಕೆ ತೋಟ, ದನದ ಕೊಟ್ಟಿಗೆ, ಅದರ ಪಕ್ಕ ಎರಡು ಕುದುರೆಗೆ ಲಾಯ. ಕೆಂಚಿ ನಾಡ ತಳಿಯ ಹೆಣ್ಣು ಕುದುರೆ. ಭೈರ ಮಾರ್ವಾಡಿ ಗಂಡು, ಕಿವಿಯ ತುದಿ ಒಳಗೆ ಬಾಗಿ ಒಂದಕ್ಕೊಂದು ಮುಟ್ಟುತ್ತೆ. ನಮ್ಮಲ್ಲಿ ಮಳೆಗಾಲ ಮುಗಿದರೂ ನೆಲ ಬೇಗ ಒಣಗೋದಿಲ್ಲ. ಕೆಸರಲ್ಲೇ ನಿಂತರೆ ಗೊರಸಿನ ಅಡಿ ಮೆತ್ತಗಾಗಿ ಕೊಳೆಯೋಕೆ ಶುರುವಾಗುತ್ತೆ, ಮೂಗು ಮುಚ್ಚುವಂಥ ವಾಸನೆ ಬರುತ್ತೆ. ಅದಕ್ಕೇ ಚಳಿಗಾಲಕ್ಕೆ ಎರಡನ್ನೂ ಕುಮಟಾ ಹತ್ತಿರ ಇರುವ ತಂಗಿ ಮನೆಗೆ ಇಳಿಸುತ್ತೇನೆ. ದಾರಿ ಸುಮಾರು 60 ಕಿಲೋಮೀಟರ್. ಆದರೆ ನಡುವೆ ದೇವಿಮನೆ ಘಟ್ಟ ಇದೆಯಲ್ಲ, ಅದೇ ದೊಡ್ಡ ವಿಷಯ.

ಮೊದಲು ಅಂಗಳದ ಪಾಠ. ಕುದುರೆಗೆ ಪಾಠ ಆಗೋದು ಹಗ್ಗ ಬಿಟ್ಟ ಕ್ಷಣದಲ್ಲಿ. ಎಳೆಯುವುದು ಬರೀ ಪ್ರಶ್ನೆ, ಬಿಡುವುದೇ ಉತ್ತರ. ಕೆಂಚಿಗೆ ಹಿಂದೆ ಹೋಗೋದು ಕಲಿಸಿದ್ದು ಹೀಗೆ. ಅದರ ಎದುರು ಸ್ವಲ್ಪ ಓರೆಯಾಗಿ ನಿಂತು, ಹಾಲ್ಟರ್ (ತಲೆಗೆ ಹಾಕುವ ಪಟ್ಟಿಗಳ ಕಟ್ಟು) ಮೂಗಿನ ಮೇಲೆ ಬರುವ ಕಡೆ ಎರಡು ಬೆರಳಿನಷ್ಟು ಒತ್ತು ಕೊಟ್ಟೆ. ಕೆಂಚಿ ತಲೆ ಎತ್ತಿತು. ನಾನು ಒತ್ತು ಹೆಚ್ಚು ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ. ಕತ್ತು ಬಿಗಿ ಆಯಿತು. ಆಮೇಲೆ ಮೈಭಾರ ಮೆಲ್ಲಗೆ ಹಿಂಗಾಲಿಗೆ ಸರಿಯಿತು. ಗೊರಸು ಇನ್ನೂ ನೆಲ ಬಿಟ್ಟಿರಲಿಲ್ಲ, ಬರೀ ಭಾರ ಸರಿದಿತ್ತು. ಆಗಲೇ ಕೈ ತೆಗೆದೆ. ಕೆಂಚಿ ತುಟಿ ನೆಕ್ಕಿಕೊಂಡು ಉಸಿರು ಬಿಟ್ಟಿತು. ಮುಂದಿನ ಸಲ ಅರ್ಧ ಹೆಜ್ಜೆ, ಆಮೇಲೆ ಒಂದು ಹೆಜ್ಜೆ. ಕೆಲವು ದಿನ ಕಳೆದ ಮೇಲೆ ಬೆರಳು ಹತ್ತಿರ ಬಂದರೆ ಸಾಕಿತ್ತು.

ಇದೇ ರೀತಿ ಮುಂದೆ ಬರೋದು, ನಿಲ್ಲೋದು, ಹಿಂಭಾಗ ಪಕ್ಕಕ್ಕೆ ಸರಿಸೋದು, ಕಟ್ಟಿದಾಗ ಜಗ್ಗದೆ ಇರೋದು. ಇಷ್ಟೇ. ನೋಡಿದವರಿಗೆ ಬೇಜಾರಾಗುವಂಥ ಕೆಲಸ. ಸವಾರಿ ಕಲಿಯೋಕೆ ಬರುವ ಹುಡುಗರು ಮೊದಲ ದಿನವೇ ಜೀನು ಹಾಕಿ ಅಂತಾರೆ. ನಾನು ಹಗ್ಗ ಕೊಡುತ್ತೇನೆ. ನೆಲದ ಮೇಲೆ ನಿಮ್ಮ ಮಾತು ಕೇಳದ ಕುದುರೆ ಬೆನ್ನ ಮೇಲೆ ಕೂತಾಗ ಕೇಳುತ್ತೆ ಅನ್ನೋ ನಂಬಿಕೆ ನನಗಿಲ್ಲ. ಕಟ್ಟಿಗೆಯಿಂದ ಹೊಡೆದು ಹತ್ತಿಸಿದ ಕುದುರೆ ಒಂದು ಸಲ ಲಾರಿ ಹತ್ತಬಹುದು. ಎರಡನೇ ಸಲ ಲಾರಿ ನೋಡಿದ ಕೂಡಲೇ ಆ ಹೊಡೆತ ನೆನಪಾಗುತ್ತೆ, ಅಲ್ವಾ?

ಕಾಲಿನ ಕೆಳಗೆ ಟೊಳ್ಳು ಸದ್ದು ಬಂದರೆ ಕುದುರೆ ಹೆದರುತ್ತೆ. ಇದಕ್ಕೆ ನಮ್ಮ ಊರೇ ಒಳ್ಳೆ ಶಾಲೆ. ಹಳ್ಳ ದಾಟೋಕೆ ಹಾಕುವ ಅಡಿಕೆ ಮರದ ಸಂಕದ ಮೇಲೆ ಕುದುರೆ ನಡೆಸೋಕೆ ಆಗೋದಿಲ್ಲ, ಕಾಲು ಸಿಕ್ಕಿಹಾಕಿಕೊಳ್ಳುತ್ತೆ. ಅದರ ಬದಲು ದಪ್ಪ ಹಲಗೆಗಳನ್ನು ಅಂಗಳದ ನೆಲದ ಮೇಲೇ ಹಾಸಿದೆ. ಭೈರ ಮೊದಲು ಮೂಸಿ ನೋಡಿತು. ಮುಂಗಾಲಲ್ಲಿ ಒಮ್ಮೆ ಟಕ್ ಅಂತ ಕೆರೆದು, ಸದ್ದು ಕೇಳಿ ಹಿಂದೆ ಸರಿಯಿತು. ನಾನು ಹಗ್ಗ ಸಡಿಲ ಮಾಡಿ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ತಾನೇ ಒಂದು ಕಾಲಿಟ್ಟಿತು. ಆ ದಿನದ ಪಾಠ ಅಲ್ಲಿಗೇ ನಿಲ್ಲಿಸಿದೆ. ಅಡಿಕೆ ಕೊನೆಯ ಮೇಲೆ ಹೊದಿಸುವ ತಾಡಪಾಲನ್ನು ಗಾಳಿಗೆ ಪಟಪಟ ಅನ್ನುವ ಹಾಗೆ ಲಾಯದ ಹತ್ತಿರವೇ ಕಟ್ಟಿದೆ. ಮೇವು ಅದರ ಬುಡದಲ್ಲೇ ಹಾಕುತ್ತಿದ್ದೆ.

ಇನ್ನು ಲಾರಿ. ಕುದುರೆಯ ಕಣ್ಣು ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳೋಕೆ ನಮ್ಮದಕ್ಕಿಂತ ಜಾಸ್ತಿ ಹೊತ್ತು ಬೇಕು. ಬಿಸಿಲಲ್ಲಿ ನಿಂತು ನೋಡಿದರೆ ಲಾರಿಯ ಒಳಗೆ ಅದಕ್ಕೆ ಕಪ್ಪು ಗುಹೆ ಕಾಣುತ್ತೆ. ಜೊತೆಗೆ ಮೂಗಿನ ನೇರ ಮುಂದೆ, ಬಾಲದ ನೇರ ಹಿಂದೆ ಅದಕ್ಕೆ ಕಾಣೋದಿಲ್ಲ. ಅದಕ್ಕೇ ಮೇಲಿನ ತಾಡಪಾಲು ತೆಗೆದು ಒಳಗೆ ಬೆಳಕು ಬರುವ ಹಾಗೆ ಮಾಡುತ್ತೇನೆ. ಬೆಳಗಿನ ಜಾವ ಆದರೆ ಒಳಗೆ ದೀಪ ಹಾಕುತ್ತೇನೆ, ಹೊರಗೆ ಆರಿಸುತ್ತೇನೆ.

ಹತ್ತಿಸೋಕೆ ನಾನು ಇಳಿಜಾರು ಹಲಗೆ ಬಳಸೋದೇ ಇಲ್ಲ. ಮಲೆನಾಡಿನಲ್ಲಿ ಧರೆಗೆ, ಅಂದರೆ ಕಡಿದಾದ ಮಣ್ಣಿನ ದಿಬ್ಬಕ್ಕೆ, ಬರ ಇಲ್ಲ. ಲಾರಿಯ ಪಾಟಿ, ಅಂದರೆ ಸಾಮಾನು ಹೇರುವ ನೆಲದ ಎತ್ತರಕ್ಕೆ ಸರಿಹೋಗುವ ಧರೆ ಹುಡುಕಿ, ಲಾರಿಯನ್ನು ಅದಕ್ಕೆ ಅಂಟಿಸಿ ಹಿಂದಿನಿಂದ ನಿಲ್ಲಿಸಿದರೆ ನೆಲವೂ ಪಾಟಿಯೂ ಒಂದೇ ಮಟ್ಟ. ನಡುವೆ ಸಂದು ಇರಬಾರದು, ಗೊರಸು ಜಾರಿ ಒಳಗೆ ಹೋದರೆ ಕಾಲು ಮುರಿಯುತ್ತೆ. ಸಂದಿದ್ದರೆ ಅದರ ಮೇಲೆ ದಪ್ಪ ಹಲಗೆ ಹಾಕಿ ಅಲುಗದ ಹಾಗೆ ಭದ್ರ ಮಾಡಬೇಕು. ಕುಮಟಾ ಕಡೆಯೂ ಅಂಥದ್ದೇ ದಿಬ್ಬ ಮೊದಲೇ ನೋಡಿಟ್ಟಿದ್ದೇನೆ. ಹತ್ತಿಸುವ ಜಾಗದ ಯೋಚನೆ ಎಲ್ಲರೂ ಮಾಡುತ್ತಾರೆ, ಇಳಿಸುವ ಜಾಗ ಮರೆತುಬಿಡುತ್ತಾರೆ.

ಹೊರಡುವ ದಿನಕ್ಕೆ ಮೊದಲೇ ಲಾರಿ ತರಿಸಿ, ಎಲ್ಲಿಗೂ ಹೋಗದೆ ಹತ್ತಿಸಿ ಇಳಿಸಿ ಮಾಡಿದೆ. ಎರಡು ಕಾಲು ಒಳಗೆ, ಹಿಂದೆ. ನಾಲ್ಕು ಕಾಲು ಒಳಗೆ, ಹಿಂದೆ. ಒಳಗೆ ನಿಂತು ಒಂದು ಹಿಡಿ ಹುರುಳಿ ತಿನ್ನೋದು, ಇಳಿಯೋದು. ಅಂಗಳದಲ್ಲಿ ಕಲಿತ ಆ ಒಂದು ಹೆಜ್ಜೆ ಹಿಂದೆ ಹೋಗುವ ಪಾಠ ಇಲ್ಲೇ ಬೇಕಾಗೋದು. ಹಿಂದೆ ಬರೋಕೆ ದಾರಿ ಇದೆ ಅಂತ ಗೊತ್ತಾದ ಕುದುರೆ ಒಳಗೆ ಹೋಗೋಕೆ ಹೆದರೋದಿಲ್ಲ.

ಲಾರಿಯ ಒಳಗೆ ಹೇಗಿರಬೇಕು ಅನ್ನೋದಕ್ಕೆ ನಮ್ಮ ದೇಶದಲ್ಲಿ ಕಾನೂನೇ ಇದೆ. 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ಕುದುರೆ, ಕತ್ತೆ, ಹೇಸರಗತ್ತೆಗೆ ಪ್ರತ್ಯೇಕ ಭಾಗ ಇದೆ. ಸಾಗಿಸೋಕೆ ಯೋಗ್ಯ ಅಂತ ಪಶುವೈದ್ಯರ ಪ್ರಮಾಣಪತ್ರ ಬೇಕು. ಪಾಟಿಯ ಮೇಲೆ ಜಾರದ ಹಾಸು ಬೇಕು. ಪ್ರತಿ ಪ್ರಾಣಿಯ ನಡುವೆ ಕನಿಷ್ಠ 8 ಸೆಂಟಿಮೀಟರ್ ದಪ್ಪದ ಬಿದಿರು, ಹಿಂದೆ ಎರಡು ಗಟ್ಟಿ ಅಡ್ಡಪಟ್ಟಿ. ಎದುರು ಬರುವ ಗಾಡಿಗೆ ಬೆದರದ ಹಾಗೆ ತಲೆ ಎಡಕ್ಕೆ ಇರಬೇಕು. ಜೊತೆಗೆ ಒಬ್ಬ ಆಳು. ವೇಗ ಗಂಟೆಗೆ 35 ಕಿಲೋಮೀಟರ್ ದಾಟಬಾರದು. ಬರೆದವರಿಗೆ ಕುದುರೆಯ ಕಷ್ಟ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತೆ. 35ರ ಲೆಕ್ಕ ಕೇಳಿ ಕೆಲವು ಡ್ರೈವರ್‌ಗಳು ಬರೋದಿಲ್ಲ ಅಂದರು. ಅಂಥವರು ಬರದಿದ್ದರೇ ಒಳ್ಳೆಯದು.

ಬಿದಿರಿನ ವಿಷಯದಲ್ಲಿ ನನ್ನ ಒಂದು ಮಾತು ಸೇರಿಸುತ್ತೇನೆ. ಅದನ್ನು ಎದೆಮಟ್ಟಕ್ಕೆ ಕಟ್ಟಿ, ಕೆಳಗೆ ಖಾಲಿ ಬಿಡಿ. ಲಾರಿ ವಾಲಿದಾಗ ಕುದುರೆ ಕಾಲು ಅಗಲ ಮಾಡಿ ಸಮತೋಲ ಮಾಡಿಕೊಳ್ಳುತ್ತೆ. ನೆಲದವರೆಗೂ ಹಲಗೆ ಹೊಡೆದರೆ ಕಾಲು ಅಗಲಿಸೋಕೆ ಜಾಗ ಇರೋದಿಲ್ಲ. ಒಳಗೆ ರಬ್ಬರ್ ಮ್ಯಾಟು, ಅದರ ಮೇಲೆ ನೀರು ಚಿಮುಕಿಸಿದ ಬಿಳಿಹುಲ್ಲು. ಬಿದಿರಿಗೆ ಹಳೇ ಗೋಣಿಚೀಲ ಸುತ್ತಿ ಬಿಗಿಯುತ್ತೇನೆ. ಮೊಳೆ, ತಂತಿ, ಚೂಪಾದ ಕೊಂಡಿ ಎಲ್ಲಾದರೂ ಇದೆಯಾ ಅಂತ ಕೈ ಆಡಿಸಿಯೇ ನೋಡಬೇಕು. ಕಣ್ಣಿಗೆ ಕಾಣದ್ದು ಅಂಗೈಗೆ ಸಿಗುತ್ತೆ.

ಕಟ್ಟುವ ಕ್ರಮ ತುಂಬಾ ಮುಖ್ಯ. ಹತ್ತಿಸುವಾಗ ಮೊದಲು ಹಿಂದಿನ ಅಡ್ಡಪಟ್ಟಿ ಹಾಕಿ, ಆಮೇಲೆ ತಲೆ ಕಟ್ಟಬೇಕು. ಇಳಿಸುವಾಗ ಮೊದಲು ತಲೆ ಬಿಚ್ಚಿ, ಆಮೇಲೆ ಹಿಂದಿನ ಪಟ್ಟಿ ತೆಗೆಯಬೇಕು. ಇದು ಉಲ್ಟಾ ಆದರೆ ಕುದುರೆ ಹಿಂದೆ ನುಗ್ಗುತ್ತೆ, ಕತ್ತು ಹಗ್ಗಕ್ಕೆ ಸಿಕ್ಕಿಬೀಳುತ್ತೆ, ಗಾಬರಿಯಲ್ಲಿ ಮೈಯೆಲ್ಲಾ ಬಡಿದುಕೊಳ್ಳುತ್ತೆ. ಹಗ್ಗವನ್ನು ನೇರ ಕಬ್ಬಿಣದ ಬಳೆಗೆ ಕಟ್ಟೋದಿಲ್ಲ. ನಡುವೆ ಸೆಣಬಿನ ಸುತ್ತಲಿಯ ಒಂದು ಕುಣಿಕೆ ಹಾಕಿ ಅದಕ್ಕೆ ಕಟ್ಟುತ್ತೇನೆ. ಅಪಾಯ ಬಂದರೆ ಸುತ್ತಲಿ ಹರಿಯಲಿ, ಕತ್ತು ಉಳಿಯಲಿ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂಥದ್ದು ಇರಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ.

ಡ್ರೈವರ್ ವಿಷಯ. ನಮ್ಮ ಕಡೆಯ ಒಬ್ಬರು ಅಡಿಕೆ ಮೂಟೆ ಸಾಗಿಸುವವರು, ಘಟ್ಟದ ತಿರುವು ಒಂದೊಂದೂ ಗೊತ್ತು. ಆದರೆ ಮೂಟೆ ಬೇರೆ, ಜೀವ ಬೇರೆ. ಕುದುರೆ ಒಯ್ಯುವ ಮೊದಲು ಅವರನ್ನೇ ಖಾಲಿ ಪಾಟಿಯಲ್ಲಿ ನಿಲ್ಲಿಸಿ, ಕೈ ಎಲ್ಲೂ ಹಿಡಿಯಬೇಡಿ ಅಂದೆ. ಊರೊಳಗಿನ ತಿರುವಿನ ದಾರಿಯಲ್ಲಿ ಅವರ ತಮ್ಮ ನಿಧಾನಕ್ಕೆ ಲಾರಿ ಓಡಿಸಿದ. ಒಂದು ಸಣ್ಣ ಬ್ರೇಕ್‌ಗೆ ಅವರು ಎರಡು ಹೆಜ್ಜೆ ಮುಂದೆ ಬಂದರು. ತಿರುವಿನಲ್ಲಿ ಕಾಲು ಅಗಲ ಮಾಡಿ, ಮಂಡಿ ಬಗ್ಗಿಸಿ ನಿಂತರು. ಇಳಿದವರೇ "ಗೊತ್ತಾತು" ಅಂದರು. ಅವತ್ತಿಂದ ಅವರು ತಿರುವಿಗೆ ಬರುವ ಮೊದಲೇ ವೇಗ ಇಳಿಸುತ್ತಾರೆ, ತಿರುವಿನೊಳಗೆ ಬ್ರೇಕ್ ಮುಟ್ಟೋದಿಲ್ಲ. ಇಳಿಜಾರಲ್ಲಿ ಸಣ್ಣ ಗೇರಿನಲ್ಲೇ ಇಳಿಸುತ್ತಾರೆ. ಕುದುರೆಯ ಮೈಭಾರದಲ್ಲಿ ನೂರಕ್ಕೆ ಅರವತ್ತರಷ್ಟು ಮುಂಗಾಲ ಮೇಲೇ ಇರುತ್ತೆ. ಅದಕ್ಕೇ ಜೋರು ಬ್ರೇಕ್ ಹಾಕಿದರೆ ಅದು ಮುಗ್ಗರಿಸೋದು.

ಹೊರಡೋದು ಬೆಳಗಿನ ಜಾವ. ಕರಾವಳಿಯ ಸೆಕೆ ಏರುವ ಮೊದಲು ತಲುಪಬೇಕು. ಹಿಂದಿನ ರಾತ್ರಿಯಿಂದ ಹುರುಳಿ, ತೌಡು ಬಂದ್. ಬೇಣದಲ್ಲಿ, ಅಂದರೆ ಹುಲ್ಲುಗಾವಲಲ್ಲಿ, ಕೊಯ್ದ ಕರಡ ಹುಲ್ಲು ಮಾತ್ರ, ಅದೂ ನೆನೆಸಿದ್ದು, ಧೂಳು ಏಳಬಾರದು. ಕುದುರೆಗೆ ವಾಂತಿ ಮಾಡೋಕೆ ಆಗೋದಿಲ್ಲ. ಹೊಟ್ಟೆಯಲ್ಲಿ ಏನೇ ತೊಂದರೆ ಆದರೂ ಅಲ್ಲೇ ಉಳಿದು ಕಾಲಿಕ್ (ಜೋರು ಹೊಟ್ಟೆನೋವು) ಆಗಬಹುದು. ಪ್ರಯಾಣ, ಹೆದರಿಕೆ, ಕಡಿಮೆ ನೀರು ಮೂರೂ ಸೇರಿದರೆ ಅಪಾಯ ಜಾಸ್ತಿ. ಹೊಸ ಊರಿನ ನೀರಿನ ವಾಸನೆ ಹಿಡಿಸದೆ ಕೆಲವು ಕುದುರೆ ಕುಡಿಯೋದೇ ಇಲ್ಲ. ಭೈರ ಹಾಗೆ. ಅದಕ್ಕೆ ಮನೆಯಲ್ಲೇ ಕೆಲವು ದಿನ ನೀರಿಗೆ ಚೂರು ಜೋನಿಬೆಲ್ಲ ಬೆರೆಸಿ ರೂಢಿ ಮಾಡಿಸಿದೆ. ಕುಮಟಾದ ಬಾವಿ ನೀರಿಗೂ ಅದೇ ಬೆಲ್ಲ ಹಾಕಿದರೆ ಬಕೆಟ್ ಖಾಲಿ.

ಇನ್ನೊಂದು ಮಾತು ಜಾಸ್ತಿ ಜನಕ್ಕೆ ಗೊತ್ತಿಲ್ಲ. ತಲೆ ಎತ್ತರಕ್ಕೆ ಕಟ್ಟಿ ಗಂಟೆಗಟ್ಟಲೆ ಒಯ್ದರೆ ಕುದುರೆಗೆ ಶ್ವಾಸಕೋಶದ ಸೋಂಕು ಬರಬಹುದು. ಮೇಯುವ ಪ್ರಾಣಿ, ತಲೆ ಕೆಳಗೆ ಮಾಡಿದಾಗಲೇ ಶ್ವಾಸನಾಳದ ಕಫ, ಧೂಳು ಹೊರಗೆ ಬರೋದು. ನಮ್ಮದು ಸಣ್ಣ ದಾರಿ. ಆದರೂ ಘಟ್ಟ ಇಳಿದ ಮೇಲೆ ನೆರಳಲ್ಲಿ ಲಾರಿ ನಿಲ್ಲಿಸಿ, ಹಗ್ಗ ಉದ್ದ ಬಿಟ್ಟು, ಮೇವನ್ನು ಕಾಲ ಬುಡದಲ್ಲೇ ಹಾಕುತ್ತೇನೆ. ಬೆಂಗಳೂರಿನಿಂದಲೋ ಬೆಳಗಾವಿಯಿಂದಲೋ ತರುವವರು ನಾಲ್ಕು ಗಂಟೆಗೊಮ್ಮೆಯಾದರೂ ಹೀಗೆ ನಿಲ್ಲಿಸಲೇಬೇಕು. ಹೊರಗಿನಿಂದ ಕೊಳ್ಳುವ ಕುದುರೆ ಆದರೆ ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ಇಲ್ಲದೆ ತರಬೇಡಿ. ಅದು ಮನುಷ್ಯರಿಗೂ ಹರಡುವ ರೋಗ. ಧನುರ್ವಾಯು ಚುಚ್ಚುಮದ್ದೂ ಆಗಿರಬೇಕು, ಸಣ್ಣ ಗಾಯದಿಂದಲೂ ಕುದುರೆಗೆ ಅದು ಬೇಗ ಬರುತ್ತೆ.

ಕುದುರೆ ಸಾಗಣೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಭಟ್ಕಳ, ಹೊನ್ನಾವರದ ಬಂದರುಗಳಿಗೆ ಅರಬ್ ಕುದುರೆಗಳು ಹಡಗಿನಲ್ಲಿ ಬಂದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ಪ್ರಕಾರ, ವಿಜಯನಗರದ ಅರಸ ಸಾಳುವ ನರಸಿಂಹ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ. ಸಮುದ್ರದಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೆ ಸಾಕಿತ್ತು. ಹಡಗಿನಲ್ಲಿ ಎಷ್ಟು ಸತ್ತಿರಬಹುದು ಅಂತ ಆ ಸಾಲು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತೆ. ಸತ್ತರೂ ನಷ್ಟ ಇಲ್ಲ ಅಂದಮೇಲೆ ದಾರಿಯಲ್ಲಿ ನೀರು ಕುಡಿಸೋಕೆ ಯಾರು ಎದ್ದಾರು?

ತಲುಪಿದ ಮೇಲೆ ಕೈಯಲ್ಲಿ ಹಿಡಿದು ಸುಮ್ನೆ ನಡೆಸುತ್ತೇನೆ. ನೀರು, ಕರಡ, ನೆರಳು. ಲದ್ದಿ ಹಾಕುವವರೆಗೂ ಅಲ್ಲೇ ಇರುತ್ತೇನೆ. ಮುಂದಿನ ಮೂರು ದಿನ ಬೆಳಿಗ್ಗೆ ಸಂಜೆ ಜ್ವರ ನೋಡುತ್ತೇನೆ. ಕುದುರೆಗೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸರಿ. ಅದಕ್ಕಿಂತ ಏರಿದರೆ, ಮೇವು ಬಿಟ್ಟರೆ, ಕೆಮ್ಮಿದರೆ ತಕ್ಷಣ ಡಾಕ್ಟರಿಗೆ ಫೋನು. ಸೆಕೆಯಲ್ಲೂ ಮೈ ಬೆವರದೆ ಒಣಗಿದ್ದರೆ ಅದೂ ಕಾಯಿಲೆಯೇ. ಕರಾವಳಿಯ ತೇವದ ಸೆಕೆಗೆ ಕೆಲವು ಕುದುರೆಗೆ ಬೆವರೋದೇ ನಿಂತುಹೋಗುತ್ತೆ. ಇದೆಲ್ಲ ಸರಿ ಇದ್ದರೆ ಮಾತ್ರ ಸಮುದ್ರದ ಕಡೆ. ಅಲ್ಲೂ ಒಣ ಮರಳಲ್ಲಿ ಓಡಿಸೋದಿಲ್ಲ, ಕಾಲಿನ ಸ್ನಾಯುರಜ್ಜು ಎಳೆದುಕೊಳ್ಳುತ್ತೆ. ಅಲೆ ಇಳಿದ ಮೇಲೆ ಉಳಿಯುವ ಗಟ್ಟಿ ಮರಳಲ್ಲಿ ಮೊದಲ ವಾರ ಬರೀ ನಡಿಗೆ.

ವಾಪಸ್ ತರೋದು ಮಳೆಗೆ ಮೊದಲೇ. ರಸ್ತೆ ಕಾಮಗಾರಿಗೆ ದೇವಿಮನೆ ಮುಚ್ಚಿದ್ದರೆ ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ ಸುತ್ತಿ ಬರಬೇಕು. ಆ ಲೆಕ್ಕ ಇಟ್ಟುಕೊಂಡೇ ನೀರು, ಮೇವು ಜಾಸ್ತಿ ತುಂಬಿಕೊಳ್ಳುತ್ತೇನೆ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದದ್ದನ್ನು ನಾವ್ಯಾರೂ ಮರೆತಿಲ್ಲ. ಜೂನ್ ಬಂತು ಅಂದರೆ ಎಷ್ಟೇ ತುರ್ತಿದ್ದರೂ ಕುದುರೆಯನ್ನು ಘಟ್ಟದ ರಸ್ತೆಗೆ ತರೋದಿಲ್ಲ. ಆ ನಾಲ್ಕು ತಿಂಗಳು ಲಾಯದ ಮಾಡಿನ ಕೆಳಗೆ ಹಲಗೆ, ತಾಡಪಾಲು, ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.